ಹತ್ತು ಗಂಟೆ ಹನ್ನೆರಡು ನಿಮಿಷ

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ವರ್ಷಕ್ಕೆ ಮೂರು ಜಗಳ ಗ್ಯಾರಂಟಿ. ಬೇಸಿಗೆಯಲ್ಲಿ ನೀರಿನ ಟ್ಯಾಂಕರಿನದು, ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನುಗ್ಗುವ ನೀರಿನದು, ದೀಪಾವಳಿಗೆ ಪಟಾಕಿಯದು. ಮೊದಲೆರಡರಲ್ಲಿ ನಾನು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಜಾರಿಕೊಳ್ಳುವ ಗಿರಾಕಿ. ಮೂರನೆಯದರಲ್ಲಿ ಮಾತ್ರ ಎರಡು ವರ್ಷದ ಹಿಂದೆ ಸರಿಯಾಗಿ ಸಿಕ್ಕಿಹಾಕಿಕೊಂಡೆ. "ನೀವು ಚೆನ್ನಾಗಿ ಬರೀತೀರಲ್ಲ ಸರ್, ಒಂದು ನೋಟಿಸ್ ಬರೆದುಕೊಡಿ" ಅಂತ ಕಮಿಟಿಯವರು ಕೇಳಿದರು. ಬರೆಯೋಕೆ ಬರುತ್ತೆ ಅಂತ ಯಾರಾದರೂ ಹೇಳಿದರೆ ನನಗೆ ಇಲ್ಲ ಅನ್ನೋಕೆ ಬರಲ್ಲ.

ಬರೆದೆ. ಪಟಾಕಿ ರಾತ್ರಿ 8ರಿಂದ 10ರವರೆಗೆ ಮಾತ್ರ. ಹಸಿರು ಪಟಾಕಿ ಮಾತ್ರ. ಸರಪಟಾಕಿ ಬೇಡ. ಬಾಲ್ಕನಿ, ಟೆರೇಸ್, ಪಾರ್ಕಿಂಗ್ ಜಾಗದಲ್ಲಿ ಹಚ್ಚಬೇಡಿ. ಪಕ್ಕದಲ್ಲಿ ಎರಡು ಬಕೆಟ್ ನೀರು ಇರಲಿ. ಕೊನೆಯ ಸಾಲಿಗೆ ಸ್ವಲ್ಪ ಗತ್ತು ಇರಲಿ ಅಂತ "10 ಗಂಟೆಗೆ ಕಡ್ಡಾಯವಾಗಿ ನಿಲ್ಲಿಸತಕ್ಕದ್ದು" ಅಂತ ಹಾಕಿದೆ. ಲಿಫ್ಟಿನೊಳಗೆ ಅಂಟಿಸಿದರು. ಎರಡು ವಾರ ಲಿಫ್ಟ್ ಹತ್ತಿದಾಗಲೆಲ್ಲ ನನ್ನದೇ ಗದ್ಯ ಓದಿಕೊಂಡು ಮೇಲೆ ಹೋದೆ.

ಆ ವರ್ಷ ಹಬ್ಬದ ರಾತ್ರಿ ಮಳೆ. ಬೆಂಗಳೂರಿನ ದೀಪಾವಳಿಗೂ ಮಳೆಗೂ ಏನು ನಂಟೋ ಗೊತ್ತಿಲ್ಲ. ಎಂಟಕ್ಕೆ ಮಕ್ಕಳೆಲ್ಲ ಕೆಳಗೆ ಇಳಿದರು, ಎಂಟೂವರೆಗೆ ಜೋರಾಗಿ ಸುರಿಯಿತು. ಸುರ್‌ಸುರ್‌ಬತ್ತಿ ಹಿಡಿದುಕೊಂಡು ಎಲ್ಲರೂ ಪೋರ್ಟಿಕೋದಲ್ಲಿ ನಿಂತೆವು. ಏಳು ವರ್ಷದ ನನ್ನ ಮಗಳು ಐದು ನಿಮಿಷಕ್ಕೊಮ್ಮೆ ಕೈ ಹೊರಗೆ ಚಾಚಿ, ಹನಿ ಬಿದ್ದಾಗ ನನ್ನ ಮುಖ ನೋಡುತ್ತಿದ್ದಳು, ಮಳೆ ನನ್ನ ತಪ್ಪೇನೋ ಅನ್ನೋ ಹಾಗೆ. ಮಳೆ ನಿಂತಾಗ ಒಂಬತ್ತು ಮುಕ್ಕಾಲು. ಹದಿನೈದು ನಿಮಿಷದಲ್ಲಿ ಹೂಕುಂಡ, ನೆಲಚಕ್ರ, ಮತಾಪು ಅಂತ ಓಡೋಡಿ ಹಚ್ಚಿದ್ದಾಯಿತು. ಅವಳ ಕಣ್ಣಿದ್ದದ್ದು ಮಾತ್ರ ದೊಡ್ಡ ಡಬ್ಬದ ಮೇಲೆ. ಆಕಾಶಕ್ಕೆ ಹಾರಿ ಸಿಡಿಯುವ ಹನ್ನೆರಡು ಶಾಟಿನದು. ಅವಳೇ ಅಂಗಡಿಯಲ್ಲಿ ಆರಿಸಿದ್ದು.

ಗಂಟೆ ನೋಡಿಕೊಂಡೆ. ಹತ್ತು ಹನ್ನೆರಡು. ಸುತ್ತಮುತ್ತಲಿನ ಬೀದಿಗಳೆಲ್ಲ ಢಂ ಢಮಾರ್ ಅಂತಿದ್ದವು. ಮಳೆ ನಮ್ಮ ಒಂದೂ ಕಾಲು ಗಂಟೆ ತಿಂದುಬಿಟ್ಟಿದೆ, ಇದೊಂದೇ ತಾನೇ, ಒಂದು ನಿಮಿಷದ ಕೆಲಸ ಅಂದುಕೊಂಡು ಊದುಬತ್ತಿ ಮುಟ್ಟಿಸಿದೆ. ನೋಟಿಸ್ ಬರೆದ ಕೈಯಲ್ಲೇ.

ಹನ್ನೆರಡು ಸಲ ಆಕಾಶ ಬೆಳಗಿತು. ಮಗಳು ಹನ್ನೆರಡು ಸಲ ಕುಣಿದಳು. ಆ ಖುಷಿ ಸುಳ್ಳಲ್ಲ, ಅದನ್ನು ಈಗಲೂ ಸಣ್ಣದು ಅಂತ ಹೇಳಲಾರೆ.

ಮಾರನೇ ದಿನ ಬಲಿಪಾಡ್ಯಮಿ. ಮನೆಯಲ್ಲಿ ಮಾಡಿದ ಹೋಳಿಗೆಯನ್ನು ಡಬ್ಬಿಗೆ ಹಾಕಿಕೊಂಡು ಮೊದಲ ಮಹಡಿಯ ಮೇಷ್ಟ್ರ ಮನೆಗೆ ಹೋದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಅಪಾರ್ಟ್‌ಮೆಂಟಿನಲ್ಲಿ ಅವರ ಹೆಸರು ಹೇಳಿ ಕರೆಯುವವರೇ ಇಲ್ಲ, ಎಲ್ಲರಿಗೂ ಮೇಷ್ಟ್ರೇ. ಅವರ ಹೆಂಡತಿಗೆ ಮರೆವಿನ ಕಾಯಿಲೆ ಅಂತ ಗೊತ್ತಿತ್ತು. ಆದರೆ ಗೊತ್ತಿರೋದು ಬೇರೆ, ಅದರ ಬಗ್ಗೆ ಯೋಚನೆ ಮಾಡೋದು ಬೇರೆ.

"ರಾತ್ರಿ ಪಟಾಕಿಯಿಂದ ಆಂಟಿಗೆ ತೊಂದರೆ ಆಯ್ತಾ ಮೇಷ್ಟ್ರೇ?" ಅಂತ ಕೇಳಿದೆ. ಶಿಷ್ಟಾಚಾರಕ್ಕೆ ಕೇಳುವ ಪ್ರಶ್ನೆ. "ಇಲ್ಲಪ್ಪ, ಪರವಾಗಿಲ್ಲ" ಅನ್ನುವ ಉತ್ತರ ನಿರೀಕ್ಷಿಸಿ ಕೇಳಿದ್ದು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನೋಡೀಪ್ಪಾ, ಲಿಫ್ಟಲ್ಲಿ ನಿಮ್ಮ ನೋಟಿಸ್ ಓದಿದ್ದೆ. ಎಂಟರಿಂದ ಹತ್ತು ಅಂತ. ಹಾಗಾಗಿ ಎಂಟಕ್ಕೆ ಮುಂಚೆನೇ ಅವಳಿಗೆ ಊಟ ಮಾಡಿಸಿ, ಕಿಟಕಿ ಇಲ್ಲದ ಆ ಸಣ್ಣ ರೂಮಲ್ಲಿ ಕೂರಿಸಿದೆ. ಗೋಡೆ ಗಡಿಯಾರ ತೆಗೆದು ತೊಡೆ ಮೇಲೆ ಇಟ್ಟೆ. ಗಡಿಯಾರ ಓದೋದು ಅವಳಿಗೆ ಇನ್ನೂ ಮರೆತಿಲ್ಲ. ದೊಡ್ಡ ಮುಳ್ಳು ಹನ್ನೆರಡಕ್ಕೆ, ಚಿಕ್ಕ ಮುಳ್ಳು ಹತ್ತಕ್ಕೆ ಬಂದರೆ ಮುಗೀತು ಅಂತ ಹೇಳಿದೆ. ಮಳೆ ಬಂದಾಗಲೂ ಅಲ್ಲೇ ಕೂತಿದ್ವಿ, ಯಾವಾಗ ನಿಲ್ಲುತ್ತೋ ಗೊತ್ತಿಲ್ಲವಲ್ಲ. ಹತ್ತಾಯ್ತು. ಅವಳೇ ಎದ್ದು ಗಡಿಯಾರ ನನ್ನ ಕೈಗೆ ಕೊಟ್ಟು, ಬಾಲ್ಕನಿ ಬಾಗಿಲು ತೆಗೆದು ನಿಂತಳು. ಮಳೆ ನಿಂತಿತ್ತು ನೋಡಿ, ತಂಪಾಗಿತ್ತು."

ಮುಂದಿನದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ನಾನು ಡಬ್ಬ ಇಟ್ಟದ್ದು ಆ ಬಾಲ್ಕನಿಯಿಂದ ಹತ್ತು ಹೆಜ್ಜೆ ದೂರದಲ್ಲಿ.

"ಇವತ್ತು ಬೆಳಿಗ್ಗೆ ಅವಳಿಗೆ ರಾತ್ರಿದು ಏನೂ ನೆನಪಿಲ್ಲ" ಅಂದರು. "ಆದರೆ ಗಡಿಯಾರ ಕೈಗೆ ಕೊಟ್ಟರೆ ಬೋರಲು ಹಾಕ್ತಾಳೆ. ನಾನು ಮಾತು ಕೊಟ್ಟಿದ್ದೆನಲ್ಲ, ಹತ್ತಕ್ಕೆ ಮುಗಿಯುತ್ತೆ ಅಂತ."

ಬೈದಿದ್ದರೆ ವಾದ ಮಾಡಬಹುದಿತ್ತು. ಬೈಯಲಿಲ್ಲ. ಹೋಳಿಗೆ ಡಬ್ಬಿ ತೊಳೆದು, ಅದರಲ್ಲಿ ನಾಲ್ಕು ಚಕ್ಕುಲಿ ಹಾಕಿ ವಾಪಸ್ ಕೊಟ್ಟರು.

ಅವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಒಂಬತ್ತು ಐವತ್ತೈದಕ್ಕೆ ಅದೇ ಡಬ್ಬ ಹಚ್ಚಿದ್ದರೆ ನಾನು ತಪ್ಪಿತಸ್ಥ ಆಗುತ್ತಿರಲಿಲ್ಲ. ಅದೇ ಪಟಾಕಿ, ಅದೇ ಜಾಗ, ಅದೇ ಸದ್ದು, ಅದೇ ಹೊಗೆ. ಹದಿನೇಳು ನಿಮಿಷದಲ್ಲಿ ಬದಲಾದದ್ದು ಗಡಿಯಾರದ ಮುಳ್ಳು ಮಾತ್ರ. ಹಾಗಾದರೆ ತಪ್ಪು ಇರೋದಾದರೂ ಎಲ್ಲಿ?

ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಸ್ವಾತಂತ್ರ್ಯದ ಬಗ್ಗೆ ಬರೆದ ಪುಸ್ತಕದ ಒಂದು ವಾದ ನಮಗೆಲ್ಲ ಪರಿಚಿತ: ಇನ್ನೊಬ್ಬರಿಗೆ ಹಾನಿಯಾಗದ ತನಕ ನಿಮ್ಮ ಬದುಕಿಗೆ ಸಮಾಜ ಕೈ ಹಾಕಬಾರದು. ಪಟಾಕಿಯ ಚರ್ಚೆ ಯಾವಾಗಲೂ ಇಲ್ಲೇ ಸುತ್ತುತ್ತದೆ. ಹಾನಿ ಆಗುತ್ತೆ ಅಂತ ಒಂದು ಗುಂಪು, ವರ್ಷಕ್ಕೆ ಒಂದೆರಡು ದಿನ ಏನು ಮಹಾ ಅಂತ ಇನ್ನೊಂದು. ಆದರೆ ನನ್ನ ಪ್ರಶ್ನೆಗೆ ಇದರಿಂದ ಉತ್ತರ ಸಿಗಲ್ಲ. ಹಾನಿಯೇ ಅಳತೆಗೋಲಾದರೆ ಒಂಬತ್ತು ಐವತ್ತೈದರ ಸದ್ದೂ ಹಾನಿಯೇ, ಮೇಷ್ಟ್ರ ಹೆಂಡತಿ ಆಗಲೂ ಹೆದರುತ್ತಿದ್ದರು. ಆದರೂ ಅದನ್ನು ಮೇಷ್ಟ್ರು ಒಪ್ಪಿಕೊಂಡಿದ್ದರು, ಅದಕ್ಕೆ ತಯಾರಿ ಮಾಡಿಕೊಂಡಿದ್ದರು. ಒಪ್ಪಲು ಆಗದೆ ಹೋದದ್ದು ಹತ್ತು ಹನ್ನೆರಡರದ್ದನ್ನು.

ನಿಯಮದ ಕಡೆ ಒಮ್ಮೆ ನೋಡೋಣ. ನಮ್ಮಲ್ಲಿ ಅನೇಕರಿಗೆ ಈ ಎಂಟರಿಂದ ಹತ್ತು ಅನ್ನೋದು ಯಾರೋ ಅಧಿಕಾರಿ ಮನಸ್ಸಿಗೆ ಬಂದಂತೆ ಬರೆದದ್ದು ಅನ್ನಿಸುತ್ತೆ. ಹಾಗಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಪಟಾಕಿ ಹೊಡೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2005ರ ಜುಲೈನಲ್ಲೇ ಹೇಳಿತ್ತು. ಹತ್ತು ವರ್ಷದ ಮೇಲೆ, 2015ರಲ್ಲಿ, ದೆಹಲಿಯ ಮೂರು ಹಸುಗೂಸುಗಳ ಹೆಸರಿನಲ್ಲಿ ಅವರ ಅಪ್ಪಂದಿರು ಅದೇ ಕೋರ್ಟಿಗೆ ಹೋದರು. ಇನ್ನೂ ಸರಿಯಾಗಿ ಮಾತು ಬರದ ಮಕ್ಕಳು, ನಮಗೆ ಉಸಿರಾಡಲು ಒಳ್ಳೆ ಗಾಳಿ ಬೇಕು ಅಂತ ಅರ್ಜಿ ಹಾಕಿದ ಹಾಗೆ. ಆ ಪ್ರಕರಣದಲ್ಲಿ 2018ರ ಅಕ್ಟೋಬರ್ 23ರಂದು ತೀರ್ಪು ಬಂತು. ಕೋರ್ಟ್ ಪಟಾಕಿಯನ್ನು ಪೂರ್ತಿ ನಿಷೇಧಿಸಲಿಲ್ಲ. ದೀಪಾವಳಿಯಂಥ ಹಬ್ಬಕ್ಕೆ ರಾತ್ರಿ 8ರಿಂದ 10 ಅಂತ ಸಮಯ ಕೊಟ್ಟಿತು. ಸರಪಟಾಕಿ ಬೇಡ, ಬೇರಿಯಂ ಲವಣ ಹಾಕಬಾರದು, ಆನ್‌ಲೈನ್ ಮಾರಾಟ ಕೂಡದು, ಹೊಗೆ ಕಡಿಮೆ ಉಗುಳುವ ಪಟಾಕಿ ಮಾತ್ರ ಅಂತ ಹೇಳಿತು.

"ನಮ್ಮ ಹಬ್ಬಕ್ಕೆ ಮಾತ್ರ ಯಾಕೆ ರೂಲ್ಸು?" ಅಂತ ಗ್ರೂಪಿನಲ್ಲಿ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಅದೇ ತೀರ್ಪಿನಲ್ಲಿ ಕ್ರಿಸ್‌ಮಸ್‌ಗೂ ಹೊಸ ವರ್ಷಕ್ಕೂ ರಾತ್ರಿ 11.55ರಿಂದ 12.30ರವರೆಗೆ ಅಂತ ಇದೆ. ಅಂದರೆ ಮೂವತ್ತೈದು ನಿಮಿಷ. ನಮಗೆ ಸಿಕ್ಕಿದ್ದು ಎರಡು ಗಂಟೆ. ಬೆಳಗಿನ ಜಾವ ಎಣ್ಣೆ ಸ್ನಾನ ಮಾಡಿ ಪಟಾಕಿ ಹೊಡೆಯುವ ಪದ್ಧತಿ ಇರುವ ತಮಿಳುನಾಡು ವಿನಂತಿ ಮಾಡಿಕೊಂಡಾಗ, ಸಮಯ ಬೇಕಾದರೆ ಬದಲಿಸಿಕೊಳ್ಳಿ, ಎರಡು ಗಂಟೆ ಮಾತ್ರ ಮೀರಬೇಡಿ ಅಂತ ಕೋರ್ಟ್ ಒಪ್ಪಿತು. ಅಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಅಂತ ಹಂಚಿಕೊಂಡರು.

ಇದನ್ನು ಮೊದಲ ಸಲ ಪೂರ್ತಿ ಓದಿದಾಗ ನನಗೆ ಕಂಡದ್ದು ಇದು. ಈ ನಿಯಮ ಪಟಾಕಿ ಹೊಡೆಯುವವರಿಗೆ ಬೇಡ ಅಂತ ಹೇಳ್ತಿಲ್ಲ. ಪಟಾಕಿ ಸಹಿಸುವವರಿಗೂ ಹೊಡೆಯುವವರಿಗೂ ಮಧ್ಯೆ ಒಂದು ಒಪ್ಪಂದ ಮಾಡಿಸ್ತಿದೆ. ಸಹಿಸುವವರು ಎರಡು ಗಂಟೆ ಬಿಟ್ಟುಕೊಡಬೇಕು: ಮಗುವಿನ ನಿದ್ದೆ, ನಾಯಿಯ ನೆಮ್ಮದಿ, ಅಸ್ತಮಾ ಇರುವವರ ಉಸಿರು. ಹೊಡೆಯುವವರು ಕೊಡಬೇಕಾದ್ದು ಒಂದೇ, ಹತ್ತಕ್ಕೆ ನಿಲ್ಲಿಸುವುದು. ಎಂಟರಿಂದ ಹತ್ತರವರೆಗೆ ಅವರು ತಮ್ಮ ಪಾಲು ಕೊಟ್ಟು ಮುಗಿಸಿರುತ್ತಾರೆ. ನಮ್ಮ ಪಾಲು ಕೊಡುವ ಹೊತ್ತು ಶುರುವಾಗೋದೇ ಹತ್ತಕ್ಕೆ. ಅವರದ್ದನ್ನು ತಗೊಂಡು ನಮ್ಮದನ್ನು ಕೊಡದೆ ಇರೋದಕ್ಕೆ ಪೇಟೆ ಭಾಷೆಯಲ್ಲಿ ಟೋಪಿ ಹಾಕೋದು ಅಂತಾರೆ.

ಸದ್ದು ಕೆಟ್ಟದ್ದು ನಿಜ. ಆದರೆ ಯಾವಾಗ ಬರುತ್ತೋ ಗೊತ್ತಿಲ್ಲದ ಸದ್ದು ಇನ್ನೂ ಕೆಟ್ಟದ್ದು. ಮುಗಿಯುವ ಹೊತ್ತು ಗೊತ್ತಿದ್ದರೆ ಮನುಷ್ಯ ಏನನ್ನಾದರೂ ತಡೆದುಕೊಳ್ಳುತ್ತಾನೆ. ದಂತವೈದ್ಯರು "ಇನ್ನು ಹತ್ತು ಸೆಕೆಂಡ್ ಅಷ್ಟೇ" ಅಂದಾಗ ನಾವು ಕುರ್ಚಿಯ ಕೈ ಹಿಡಿದುಕೊಂಡು ಎಣಿಸ್ತೀವಲ್ಲ, ಹಾಗೆ. ಹತ್ತು ಆದಮೇಲೂ ಅವರು ಕೊರೆಯುತ್ತಲೇ ಇದ್ದರೆ ನೋವಿಗಿಂತ ಮೊದಲು ಹೋಗೋದು ನಂಬಿಕೆ. ಆಂಟಿ ಬೋರಲು ಹಾಕಿದ ಗಡಿಯಾರ ಅದನ್ನೇ ಹೇಳುತ್ತಿತ್ತು.

ಮಳೆ ಬಂತಲ್ಲ, ನಮಗೆ ಅನ್ಯಾಯ ಆಗಲಿಲ್ಲವಾ? ಈ ಸಮರ್ಥನೆಯನ್ನು ನಾನು ಎಷ್ಟೋ ದಿನ ಹಿಡಿದುಕೊಂಡಿದ್ದೆ. ಆದದ್ದು ನಿಜ. ಆದರೆ ಮಳೆಯಿಂದ ಮೇಷ್ಟ್ರಿಗೇನೂ ಲಾಭ ಆಗಿರಲಿಲ್ಲ, ಅವರು ಅಷ್ಟು ಹೊತ್ತೂ ಆ ಸಣ್ಣ ರೂಮಿನಲ್ಲೇ ಇದ್ದರು. ನಮ್ಮ ನಷ್ಟವನ್ನು ಅವರ ಲೆಕ್ಕಕ್ಕೆ ಬರೆಯುವ ಹಕ್ಕು ನನಗೆಲ್ಲಿಂದ ಬಂತು? ಒಂದು ಫೋನ್ ಮಾಡಿ "ಮೇಷ್ಟ್ರೇ, ಮಗು ಆಸೆ ಪಡ್ತಿದೆ, ಇದೊಂದು ಹಚ್ಚಲಾ?" ಅಂತ ಕೇಳಿದ್ದರೆ ಅವರು ಬಹುಶಃ ಹೂಂ ಅಂತಿದ್ದರು. ಆದರೆ ಅವರೊಬ್ಬರ ಹೂಂ ಸಾಕಾಗುತ್ತಿರಲಿಲ್ಲ. ಮೂರನೇ ಮಹಡಿಯ ಬಾಣಂತಿಯನ್ನು ಕೇಳಬೇಕಿತ್ತು, ನೈಟ್ ಶಿಫ್ಟ್ ಮುಗಿಸಿ ಮಲಗಿದ ಹುಡುಗರನ್ನು ಕೇಳಬೇಕಿತ್ತು, ಪಕ್ಕದ ಬಿಲ್ಡಿಂಗಿನಲ್ಲಿ ಮುಖವೇ ನೋಡದವರನ್ನು ಕೇಳಬೇಕಿತ್ತು. ಹಾಗೆ ಎಲ್ಲರನ್ನೂ ಕೇಳಲು ಆಗಲ್ಲ ಅಂತಲೇ ನಿಯಮ ಇರೋದು. ಎಲ್ಲರ ಪರವಾಗಿ ಮೊದಲೇ ಕೇಳಿಟ್ಟುಕೊಂಡ ಒಪ್ಪಿಗೆ ಅದು. ಅದರ ಅವಧಿ ಹತ್ತಕ್ಕೆ ಮುಗಿಯುತ್ತದೆ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿ. ಇಡೀ ಬೆಂಗಳೂರು ಹೊಡೀತಿದೆ, ನಾನೊಬ್ಬ ನಿಲ್ಲಿಸಿದರೆ ಏನಾಗುತ್ತೆ? ಗಾಳಿಯ ವಿಷಯದಲ್ಲಿ ಈ ವಾದಕ್ಕೆ ಸ್ವಲ್ಪ ಬಲ ಇದೆ, ಹೊಗೆ ಎಲ್ಲರದ್ದೂ ಸೇರಿಹೋಗುತ್ತದೆ. ಸದ್ದಿನ ವಿಷಯದಲ್ಲಿ ಬಲ ಇಲ್ಲ. ಮೇಷ್ಟ್ರು ಗಣಿತದವರಾದ್ದರಿಂದ ಈ ಲೆಕ್ಕ ಅವರ ಜೊತೆಗೇ ಕೂತು ಮಾಡಿದೆ. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ ಅಳೆದರೆ ಪಟಾಕಿಯ ಸದ್ದು 125 ಡೆಸಿಬಲ್ ಮೀರಬಾರದು ಅನ್ನೋದು ನಮ್ಮ ದೇಶದ ಮಿತಿ. ಡೆಸಿಬಲ್ ಲೆಕ್ಕ ಸಾಮಾನ್ಯ ಲೆಕ್ಕದ ಹಾಗಲ್ಲ, ಹತ್ತು ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಬಯಲಿನಲ್ಲಾದರೆ ದೂರ ಎರಡು ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತದೆ. 4 ಮೀಟರಿನಿಂದ 128 ಮೀಟರಿಗೆ ಹೋಗುವಷ್ಟರಲ್ಲಿ 30 ಡೆಸಿಬಲ್ ಕಡಿಮೆ, ಅಂದರೆ ಶಕ್ತಿಯಲ್ಲಿ ಸುಮಾರು ಸಾವಿರದ ಒಂದು ಭಾಗ. ಮೂರು ಕಡೆ ಗೋಡೆ ಇರುವ ನಮ್ಮ ಅಂಗಳದಲ್ಲಿ ಸದ್ದು ಬಡಿದು ವಾಪಸ್ ಬೇರೆ ಬರುತ್ತದೆ. ಊರಿನ ಸಾವಿರ ಪಟಾಕಿಗಳಿಗಿಂತ ಆಂಟಿಯ ಕಿವಿಗೆ ನನ್ನ ಒಂದು ಡಬ್ಬವೇ ದೊಡ್ಡದು. "ನಾನೊಬ್ಬ" ಅನ್ನುವ ಮಾತು ಊರಿಗೆ ಸರಿ ಇರಬಹುದು, ಪಕ್ಕದ ಮನೆಗೆ ಅಲ್ಲ. ಪಕ್ಕದ ಮನೆಗೆ ನಾನೇ ಎಲ್ಲ.

ಪೊಲೀಸರು ಹಿಡಿಯಲ್ಲವಲ್ಲ ಅನ್ನೋದು ಕೊನೆಯ ಆಸರೆ. ನಿಯಮ ಮುರಿದರೆ ಠಾಣೆಯ ಅಧಿಕಾರಿಯೇ ವೈಯಕ್ತಿಕವಾಗಿ ಹೊಣೆ ಅಂತ 2018ರ ತೀರ್ಪಿನಲ್ಲಿದೆ. ಆದರೆ ಹಬ್ಬದ ರಾತ್ರಿ ಒಬ್ಬ ಇನ್‌ಸ್ಪೆಕ್ಟರ್ ಎಷ್ಟು ಗಲ್ಲಿ ಸುತ್ತಲು ಸಾಧ್ಯ? ನಮ್ಮ ಅಂಗಳಕ್ಕೆ ಯಾವತ್ತೂ ಯಾರೂ ಬಂದಿಲ್ಲ. ನಾವೆಲ್ಲ ಗೋವಿನ ಹಾಡು ಕೇಳಿ ಬೆಳೆದವರು. ಆ ಕಾಡಿನಲ್ಲಿ ಪೊಲೀಸ್ ಇರಲಿಲ್ಲ. ಪುಣ್ಯಕೋಟಿ ವಾಪಸ್ ಹೋಗದೆ ದೊಡ್ಡಿಯಲ್ಲೇ ಉಳಿದಿದ್ದರೆ ಹುಲಿ ಎಲ್ಲಿಗೆ ಹೋಗಿ ಕಂಪ್ಲೇಂಟ್ ಕೊಡುತ್ತಿತ್ತು? ಹಿಡಿಯುವವರು ಇಲ್ಲದ ಕಡೆ ಉಳಿಸಿಕೊಂಡ ಮಾತು ಅನ್ನುವ ಕಾರಣಕ್ಕೇ ಆ ಕಥೆ ಇಷ್ಟು ದಿನ ಬಾಳಿದೆ. ಅದೂ ಅಲ್ಲಿ ಪಣಕ್ಕಿದ್ದದ್ದು ಪ್ರಾಣ. ನನ್ನದು ಹನ್ನೆರಡು ಶಾಟಿನ ಒಂದು ಡಬ್ಬ.

ಇಲ್ಲಿಯವರೆಗೆ ಸದ್ದಿನ ಮಾತಾಯಿತು. ಬೆಂಕಿಯಲ್ಲೂ ಇದೇ ಕಥೆ ಇದೆ ಅಂತ ಆಮೇಲೆ ಹೊಳೆಯಿತು: ಖುಷಿ ಒಬ್ಬರದು, ಅಪಾಯ ಇನ್ನೊಬ್ಬರದು.

ಬೆಂಗಳೂರಿನವರಿಗೆ ಮಿಂಟೋ ಕಣ್ಣಿನ ಆಸ್ಪತ್ರೆ ಗೊತ್ತು. ದೀಪಾವಳಿ ಬಂತೆಂದರೆ ಪಟಾಕಿ ಗಾಯಾಳುಗಳಿಗೆ ಅಂತ ಅಲ್ಲಿ ಪ್ರತಿ ವರ್ಷ ತಯಾರಿ ನಡೆಯುತ್ತದೆ. ಹಬ್ಬದ ಮಾರನೇ ದಿನದ ಪತ್ರಿಕೆಯಲ್ಲಿ ಒಂದು ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿದ ಮಕ್ಕಳ ಫೋಟೋ ನೋಡದೆ ನಾವ್ಯಾರೂ ದೊಡ್ಡವರಾಗಿಲ್ಲ. ಆ ಮಕ್ಕಳ ಸುದ್ದಿ ಓದಿದರೆ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಅವನು ಹಚ್ಚಿರಲಿಲ್ಲ, ನಿಂತು ನೋಡುತ್ತಿದ್ದ. ಅವಳು ಅಂಗಡಿಗೆ ಹೋಗುತ್ತಿದ್ದಳು. ಹಚ್ಚುವವನು ಬತ್ತಿಗೆ ಬೆಂಕಿ ಮುಟ್ಟಿಸಿ ಹಿಂದೆ ಓಡುತ್ತಾನೆ, ಅವನಿಗೆ ಗೊತ್ತಿರುತ್ತದೆ. ದಾರಿಯಲ್ಲಿ ಬರುವವರಿಗೆ ಗೊತ್ತಿರುವುದಿಲ್ಲ.

ಹಾಗಾಗಿ ಸುರಕ್ಷತೆಯ ಮಾತುಗಳನ್ನು ನಾನೀಗ ಬೇರೆ ಥರ ಓದುತ್ತೇನೆ. ಠುಸ್ ಆದ ಪಟಾಕಿಯನ್ನು ಬಗ್ಗಿ ನೋಡಬೇಡಿ, ನೀರು ಸುರಿದು ಬಿಡಿ. ರಾಕೆಟ್ಟನ್ನು ವಾಲುವ ಬಾಟಲಿಯಲ್ಲಿ ಇಡಬೇಡಿ, ಅದು ಯಾರ ಮನೆ ಕಿಟಕಿಗೆ ಹೋಗುತ್ತೋ ಹೇಳಲಾಗದು. ಡಬ್ಬ, ತೆಂಗಿನ ಚಿಪ್ಪು ಮುಚ್ಚಿ ಸಿಡಿಸಬೇಡಿ, ಹಾರುವ ಚೂರು ಯಾರ ಕಣ್ಣಿಗೂ ಹೋಗಬಹುದು. ಮಕ್ಕಳ ಕೈಗೆ ಧೈರ್ಯವಾಗಿ ಕೊಡುವ ಸುರ್‌ಸುರ್‌ಬತ್ತಿ ಉರಿಯುವುದು ಸಾವಿರ ಡಿಗ್ರಿ ಆಸುಪಾಸಿನಲ್ಲಿ, ಉರಿದ ಕಡ್ಡಿಯನ್ನು ನೆಲಕ್ಕೆ ಎಸೆದರೆ ಬರಿಗಾಲಿನ ಇನ್ನೊಂದು ಮಗು ಅದನ್ನು ತುಳಿಯುತ್ತದೆ. ಕಡ್ಡಿ ಬಕೆಟ್ಟಿಗೇ ಹೋಗಬೇಕು. ಕೈ ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಬೇಕು, ಟೂತ್‌ಪೇಸ್ಟ್ ಹಚ್ಚಬಾರದು. ಕಣ್ಣಿಗೆ ಬಿದ್ದರೆ ಉಜ್ಜದೆ, ಒತ್ತದೆ ನೇರ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಇವೆಲ್ಲ ನಮ್ಮನ್ನು ನಾವು ಕಾಪಾಡಿಕೊಳ್ಳುವ ಸಲಹೆಗಳು ಅಂದುಕೊಂಡಿದ್ದೆ. ಅರ್ಧಕ್ಕರ್ಧ ಇನ್ನೊಬ್ಬರನ್ನು ಕಾಪಾಡುವಂಥವು.

ಇನ್ನೂ ದೂರದಲ್ಲಿ ನಿಂತವರೂ ಇದ್ದಾರೆ. ಪಟಾಕಿ ಸೋವಿ ಅಂತ ನಮ್ಮಲ್ಲಿ ಎಷ್ಟೋ ಜನ ಹಬ್ಬಕ್ಕೆ ಮುಂಚಿನ ವೀಕೆಂಡಿನಲ್ಲಿ ಕಾರು ಹತ್ತಿ ಅತ್ತಿಬೆಲೆ, ಹೊಸೂರು ಕಡೆ ಹೋಗ್ತೀವಿ. ನಾನೂ ಹೋಗಿದ್ದೇನೆ. 2023ರ ಅಕ್ಟೋಬರ್ 7ರಂದು ಅದೇ ಅತ್ತಿಬೆಲೆಯಲ್ಲಿ ಒಂದು ಪಟಾಕಿ ಮಳಿಗೆಗೆ, ಅದರ ಗೋದಾಮಿಗೆ ಬೆಂಕಿ ಬಿತ್ತು. ಸತ್ತವರು 14ಕ್ಕೂ ಹೆಚ್ಚು ಜನ. ಹೆಚ್ಚಿನವರು ತಮಿಳುನಾಡಿನ ಹುಡುಗರು, ಹಬ್ಬದ ಸೀಸನ್ನಿನಲ್ಲಿ ನಾಲ್ಕು ಕಾಸು ಮಾಡಿಕೊಳ್ಳೋಣ ಅಂತ ಕೆಲಸಕ್ಕೆ ಬಂದವರು. ಅವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಅದಾದ ಮೇಲೆ ರಾಜ್ಯ ಸರ್ಕಾರ ಮದುವೆ, ಮೆರವಣಿಗೆ, ರಾಜಕೀಯ ಸಭೆಗಳಲ್ಲಿ ಪಟಾಕಿ ಬೇಡ ಅಂತ ಹೇಳಿತು.

ತಾತ್ಕಾಲಿಕ ಪಟಾಕಿ ಅಂಗಡಿಗೆ ಏನು ನಿಯಮ ಅಂತ ಆಗ ಹುಡುಕಿ ಓದಿದೆ. 2008ರ ಸ್ಫೋಟಕ ನಿಯಮಗಳಲ್ಲಿದೆ. ಶೆಡ್ ಬೆಂಕಿ ಹತ್ತದ ವಸ್ತುವಿನಿಂದ ಕಟ್ಟಿರಬೇಕು. ಎರಡು ಶೆಡ್‌ಗಳ ನಡುವೆ ಕನಿಷ್ಠ 3 ಮೀಟರ್ ಜಾಗ ಬೇಕು. ಎದುರುಬದುರು ಇರಬಾರದು. ಎಣ್ಣೆ ದೀಪ, ಗ್ಯಾಸ್ ದೀಪ ಇಡಬಾರದು. ಓದುತ್ತಾ ಹೋದರೆ ಒಂದೊಂದು ಸಾಲೂ ಎಲ್ಲೋ ಆಗಿಹೋದದ್ದನ್ನು ನೋಡಿ ಬರೆದ ಹಾಗಿದೆ. ಎದುರುಬದುರು ಇರಬಾರದು ಅಂತ ಯಾರಿಗಾದರೂ ಸುಮ್ಮಸುಮ್ಮನೆ ಹೊಳೆಯಲ್ಲ. ಲಿಫ್ಟಿನಲ್ಲಿ ನಾನು ಬರೆದ ನೋಟಿಸ್ ಗತ್ತಿನ ಗದ್ಯ ಆಗಿತ್ತು, ಯಾಕೆಂದರೆ ಅದರ ಹಿಂದೆ ಯಾರಿದ್ದಾರೆ ಅಂತ ಬರೆಯುವಾಗ ನನಗೆ ಗೊತ್ತಿರಲಿಲ್ಲ. ಈಗ ಅದರ ಕೊನೆಯ ಸಾಲಿನ ಹಿಂದೆ ಒಬ್ಬರು ತೊಡೆಯ ಮೇಲೆ ಗಡಿಯಾರ ಇಟ್ಟುಕೊಂಡು ಕೂತಿದ್ದಾರೆ.

ಹಾಗಾದರೆ ಪಟಾಕಿಯನ್ನೇ ಬಿಟ್ಟುಬಿಡಬಾರದಾ? ನನ್ನ ಹೆಂಡತಿ ಕೇಳಿದ್ದೂ ಇದನ್ನೇ. ಬಿಟ್ಟವರ ಬಗ್ಗೆ ನನಗೆ ಗೌರವ ಇದೆ. ನಾನಿನ್ನೂ ಪೂರ್ತಿ ಬಿಟ್ಟಿಲ್ಲ. ದೇಶದ ಬಹುಪಾಲು ಪಟಾಕಿ ತಯಾರಾಗುವ ಶಿವಕಾಶಿಯಲ್ಲಿ ಆ ಕೆಲಸ ನಂಬಿದ ಮನೆಗಳಿವೆ ಅನ್ನೋದು ಒಂದು ಕಾರಣ ಅಂತ ಹೇಳಬಹುದು, ಆದರೆ ಅದು ನನ್ನ ನಿಜವಾದ ಕಾರಣ ಅಲ್ಲ. ನಿಜವಾದ ಕಾರಣ, ಆ ಹನ್ನೆರಡು ಬೆಳಕಿನ ಕೆಳಗೆ ನೋಡಿದ ಮಗಳ ಮುಖ. ಹಸಿರು ಪಟಾಕಿ ಅಂದ ಮಾತ್ರಕ್ಕೆ ಪಾಪ ಪರಿಹಾರ ಆಗಲ್ಲ ಅಂತಲೂ ಗೊತ್ತು. ನಾಗಪುರದ ನೀರಿ ಸಂಸ್ಥೆಯವರು ರೂಪಿಸಿದ ಆ ಪಟಾಕಿಗಳು ಉಗುಳುವ ಕಣಗಳು ಶೇ 30ರಷ್ಟು ಕಡಿಮೆ, ಅಂದರೆ ಮಿಕ್ಕ 70 ಇದ್ದೇ ಇದೆ. ಇದರಲ್ಲಿ ನಾನು ಶುದ್ಧನಲ್ಲ. ಆದರೆ ಶುದ್ಧವಾಗಿ ಇರಲಾರದವನೂ ಕೊಟ್ಟ ಮಾತಿನಂತೆ ಇರಬಹುದು. ನಮ್ಮಂಥವರಿಗೆ ಅಂತಲೇ ಆ ಎರಡು ಗಂಟೆ ಇರೋದು.

ಕಳೆದ ದೀಪಾವಳಿಗೂ ಕಮಿಟಿಯವರು ನೋಟಿಸ್ ಕೇಳಿದರು. ಈ ಸಲ 'ತಕ್ಕದ್ದು' ಬರೆಯಲಿಲ್ಲ. "ನಮ್ಮ ಬಿಲ್ಡಿಂಗಿನಲ್ಲಿ ಹತ್ತು ಗಂಟೆಗೆ ಮುಗಿಯುತ್ತೆ ಅಂತ ನಂಬಿಕೊಂಡು ಕೂತವರಿದ್ದಾರೆ" ಅಂತ ಒಂದು ಸಾಲು ಹಾಕಿದೆ. ಯಾರು ಅಂತ ಬರೆಯಲಿಲ್ಲ. ಒಂಬತ್ತು ಐವತ್ತಕ್ಕೆ ಎಲ್ಲರಿಗೂ ನೆನಪಿಸುವ ಕೆಲಸ ನಾನೇ ವಹಿಸಿಕೊಂಡೆ. ಅವತ್ತು ಮಳೆ ಇರಲಿಲ್ಲ, ಆದರೂ ಕೊನೆಗೆ ಎರಡು ಡಬ್ಬ ಉಳಿದವು. ಮಗಳು ಅತ್ತಳು. ನಾಳೆ ಎಂಟಕ್ಕೆ ಹಚ್ಚೋಣ ಅಂದರೂ ಅತ್ತಳು. ಪಕ್ಕದ ಬೀದಿಯ ಆಕಾಶ ತೋರಿಸಿ "ಅವರೆಲ್ಲ ಹೊಡೀತಿದ್ದಾರೆ ನೋಡು ಪಪ್ಪಾ" ಅಂದಳು. ಅವಳಿಗೆ ಕೊಡಲು ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ. "ಅವರು ಹೇಳಿರಲಿಲ್ಲ, ನಾವು ಹೇಳಿದ್ವಿ" ಅಂದೆ. ಅವಳಿಗೆ ಎಷ್ಟು ಅರ್ಥ ಆಯಿತೋ.

ಹತ್ತು ಗಂಟೆಗೆ ಮೊದಲ ಮಹಡಿಗೆ ಹೋಗಿ ಬಾಗಿಲು ತಟ್ಟಿದೆ. ಬೆಲ್ ಒತ್ತಲಿಲ್ಲ. ಮೇಷ್ಟ್ರು ಬಾಗಿಲು ತೆಗೆದರು.

"ನಮ್ಮದು ಮುಗೀತು ಮೇಷ್ಟ್ರೇ" ಅಂದೆ. ಅಷ್ಟರಲ್ಲೇ ಎಲ್ಲೋ ದೂರದಲ್ಲಿ ಒಂದು ದೊಡ್ಡದು ಸಿಡಿಯಿತು. ನನಗೇ ಮುಜುಗರವಾಯಿತು. "ಹೊರಗಿನವರದು ಇನ್ನೂ ನಡೀತಿದೆ..." ಅಂತ ರಾಗ ಎಳೆದೆ.

"ಅದು ದೂರದ್ದು, ಬಿಡಿ" ಅಂದರು ಮೇಷ್ಟ್ರು. "ನಮ್ಮೋರದ್ದು ಮುಗೀತು ಅಂತ ಅವಳಿಗೆ ಹೇಳ್ತೀನಿ. ಈ ಸಲ ಧೈರ್ಯವಾಗಿ ಹೇಳಬಹುದು."

ಒಳಗಿನ ಸಣ್ಣ ರೂಮಿನ ಕಡೆ ನಡೆದರು. ನಾನು ಬಾಗಿಲು ಮೆಲ್ಲಗೆ ಎಳೆದುಕೊಂಡು ಮೇಲೆ ಬಂದೆ.